ಮೇಲಿನ ಕೋಣೆಯ ದೀಪ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ನಮ್ಮ ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಇರುತ್ತದೆ. ಅದನ್ನು ನುಣ್ಣಗೆ ಇಡುವವರನ್ನು ದಿನಾ ಬೆಳಿಗ್ಗೆ ಮೇಲಕ್ಕೆ ಕೊಂಡೊಯ್ದು, ಸಂಜೆ ಕೆಳಗೆ ತಂದು ಇಳಿಸುವ ವ್ಯಾನಿನ ಡ್ರೈವರ್ ನಾನು. ಹಾಗಾಗಿ ಈ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕವಿದೆ. ಹುಲ್ಲು ಕತ್ತರಿಸುವವರು, ಈಜುಕೊಳದ ಎಲೆ ತೆಗೆಯುವವರು, ಗಾಜು ಒರೆಸುವವರು, ಬೇರೆಯವರ ನಾಯಿಗಳನ್ನು ವಾಕಿಂಗ್ ಮಾಡಿಸುವವರು, ಎಲ್ಲರೂ ನನ್ನ ಹಿಂದೆ ಕೂತು ಆಕಳಿಸುತ್ತ ತಿರುವು ರಸ್ತೆ ಹತ್ತುತ್ತಾರೆ. ಅದೇ ಹೊತ್ತಿಗೆ ಮೇಲಿನ ಮನೆಗಳವರು ಬಣ್ಣಬಣ್ಣದ ಬೂಟು ಹಾಕಿಕೊಂಡು ಅದೇ ರಸ್ತೆಯಲ್ಲಿ ಓಡುತ್ತ ಇಳಿಯುತ್ತಾರೆ. ಬೆವರು ಸುರಿಸುವುದಕ್ಕೆ ಅವರು ಪಡುವ ಪಾಡು ನೋಡಿ ನಮ್ಮ ವ್ಯಾನಿನಲ್ಲಿ ಆಗದ ತಮಾಷೆ ಇಲ್ಲ. "ನನ್ನ ಹುಲ್ಲಿನ ಮಿಷನ್ ಕೊಟ್ಟುಬಿಡ್ತೀನಿ, ಅರ್ಧ ಗಂಟೆ ತಳ್ಳಲಿ, ಬೆವರಿಗೇನು ಬರಗಾಲ," ಎಂದು ಹುಲ್ಲಿನವನು ದಿನಾ ಹೇಳುತ್ತಾನೆ. ದಿನಾ ನಾವು ನಗುತ್ತೇವೆ.

ನನ್ನ ಹಿಂದಿನ ಸೀಟು ದೀಪದಕ್ಕನದು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ, ರಸ್ತೆ ಮುಗಿಯುವಲ್ಲಿ, ನಾವು ಗಾಜಿನ ಮನೆ ಎಂದು ಕರೆಯುವ ಒಂದು ಬಂಗಲೆಯಿದೆ. ಅದನ್ನು ನೋಡಿಕೊಳ್ಳುವುದು ಅವಳ ಕೆಲಸ. ಸಮುದ್ರದ ಕಡೆಗೆ ಗೋಡೆಯೆಂಬುದೇ ಇಲ್ಲ, ಎಲ್ಲ ಗಾಜು. ಹೊರಗೆ ಮರದ ಹಲಗೆ ಹಾಸಿದ ದೊಡ್ಡ ಟೆರೇಸು, ಅದರ ಅಂಚಿಗೆ ಈಜುಕೊಳ. ಒಳಗೆ ಒಂದು ಕೋಣೆಯ ತುಂಬ ಸೈಕಲ್ಲುಗಳು, ಇನ್ನೊಂದರ ತುಂಬ ಹುಟ್ಟುಗಳು ಮತ್ತು ಒಬ್ಬರೇ ಕೂರುವ ಪುಟ್ಟ ದೋಣಿಗಳು. ನಮ್ಮ ಕೇರಿಯಲ್ಲಿ ದೋಣಿ ನೀರಿನಲ್ಲಿರುತ್ತದೆ, ಅಲ್ಲಿ ಗೋಡೆಗೆ ನೇತು ಹಾಕಿರುತ್ತಾರೆ.

ಮನೆ ಕಟ್ಟಿಸಿದ ಹಳೆಯ ಯಜಮಾನರು ವರ್ಷಕ್ಕೆ ಒಂದೆರಡು ಸಲ ಬಂದು, ಸೂರ್ಯಾಸ್ತ ನೋಡಿ, ನೆಗಡಿ ಹಿಡಿಸಿಕೊಂಡು ಹೋಗುತ್ತಿದ್ದರು. ಉಳಿದ ದಿನವೆಲ್ಲ ಮನೆ ಖಾಲಿ. ಖಾಲಿ ಎಂದು ಕಳ್ಳರಿಗೆ ತಿಳಿಯಬಾರದಲ್ಲ? ಅದಕ್ಕೆ ಅವರು ಅಕ್ಕನಿಗೆ ಒಂದು ಅಪ್ಪಣೆ ಮಾಡಿದ್ದರು. ದಿನಾ ಹೊತ್ತು ಮುಳುಗುವಾಗ ಯಾವುದಾದರೂ ಒಂದು ಕೋಣೆಯ ದೀಪ ಹಾಕಿ ಹೋಗಬೇಕು, ಬೆಳಿಗ್ಗೆ ಬಂದು ಆರಿಸಬೇಕು. ಯಾವ ಕೋಣೆ ಎಂದು ಅವರು ಹೇಳಲಿಲ್ಲ. ಅಕ್ಕ ಎಲ್ಲಕ್ಕಿಂತ ಮೇಲಿನ ಕೋಣೆ ಹಿಡಿದಳು. ದಿನಾ ಅದೇ ಕೋಣೆ, ಅದೇ ಕಿಟಕಿ. ಅದಕ್ಕೆ ಕಾರಣ ಅವಳ ಗಂಡ, ನಾನು ಭಾವ ಎಂದು ಕರೆಯುವವರು.

ಭಾವನದು ಒಬ್ಬರೇ ನಡೆಸುವ ಸಣ್ಣ ಮೋಟಾರು ದೋಣಿ. ಸಂಜೆಗತ್ತಲಲ್ಲೇ ಗಾಳಕ್ಕೆ ಬೀಳುವ ಒಂದು ಜಾತಿಯ ಮೀನಿದೆ. ಅದನ್ನು ನಂಬಿಕೊಂಡ ಮನುಷ್ಯ ಬೆಳಕಿರುವಾಗ ವಾಪಸು ಬರುವ ಮಾತೇ ಇಲ್ಲ. ನಮ್ಮ ದಡದ ಬಾಯಿ ಇಕ್ಕಟ್ಟು. ಎರಡು ಬಂಡೆಗಳು ನೀರಿನಲ್ಲಿ ಅರ್ಧ ಮುಳುಗಿ ಎದುರುಬದುರು ಕೂತಿವೆ. ನೀರಿನಿಂದ ನೋಡಿದರೆ ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ನಮ್ಮವರು ಅವಕ್ಕೆ ಅತ್ತೆ, ಸೊಸೆ ಎಂದು ಹೆಸರಿಟ್ಟಿದ್ದಾರೆ. ಇಬ್ಬರ ನಡುವೆ ಮೈ ಗೀರಿಸಿಕೊಳ್ಳದೆ ಮನೆ ಸೇರುವುದು ಯಾವ ಗಂಡಸಿಗೂ ಸುಲಭವಲ್ಲ ಎಂಬುದು ನಮ್ಮ ಕೇರಿಯ ಹಳೆಯ ನಗೆಮಾತು.

ಕತ್ತಲಲ್ಲಿ ಬರುವವರಿಗೆ ಒಂದು ಉಪಾಯವಿತ್ತು. ದೋಣಿ ಎಳೆಯುವ ಜಾಗದಲ್ಲಿ ಒಂದು ಕಂಬದ ದೀಪವಿದೆ. ಅದರ ಹಿಂದೆ, ಬೆಟ್ಟದ ಮೇಲೆ, ಗಾಜಿನ ಮನೆಯ ಮೇಲಿನ ಕೋಣೆಯ ದೀಪ. ನೀರಿನಿಂದ ನೋಡಿದಾಗ ಮೇಲಿನದು ಕೆಳಗಿನದರ ನೆತ್ತಿಯ ಮೇಲೆ ನೇರ ನಿಂತರೆ ದಾರಿ ಸರಿ, ಕಣ್ಣು ಮುಚ್ಚಿ ನುಗ್ಗಬಹುದು. ಮೇಲಿನದು ಎಡಕ್ಕೆ ಸರಿದರೆ ಅತ್ತೆ ಬಾಯಿ ತೆರೆದಿದ್ದಾಳೆ ಎಂದು ಅರ್ಥ. ಬಲಕ್ಕೆ ಸರಿದರೆ ಸೊಸೆ. ಫೋನಿನಲ್ಲಿ ನಕ್ಷೆ ಇಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

"ಇದೆ ಕಣೋ," ಎಂದಿದ್ದರು ಭಾವ. "ಅದರಲ್ಲಿ ನೀರೆಲ್ಲ ಒಂದೇ ನೀಲಿ. ಅತ್ತೇನೂ ಇಲ್ಲ, ಸೊಸೇನೂ ಇಲ್ಲ. ಅಷ್ಟು ಸುಖದ ಸಂಸಾರ ಎಲ್ಲಿರುತ್ತೆ ಹೇಳು?"

ಉಳಿದ ಸಣ್ಣ ದೋಣಿಯವರು ಒಬ್ಬೊಬ್ಬರಾಗಿ ದೋಣಿ ಮಾರಿ ಬೆಟ್ಟದ ಕೆಲಸಕ್ಕೆ ಸೇರಿದರು. ಕೊನೆಗೆ ಆ ದೀಪ ಬೇಕಾದವರು ಭಾವ ಒಬ್ಬರೇ. ಅಕ್ಕ ಹೊತ್ತು ಮುಳುಗುತ್ತಲೇ ಸ್ವಿಚ್ಚು ಒತ್ತಿ, ನನ್ನ ಕೊನೆಯ ಟ್ರಿಪ್ಪಿಗೆ ಓಡೋಡಿ ಬಂದು ಹತ್ತುತ್ತಿದ್ದಳು. ಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರೆ ಅದು ಕುದಿಯುವ ಹೊತ್ತಿಗೆ ಇಂಜಿನ್ನಿನ ಸದ್ದು ಕೇಳಬೇಕು. ಒಮ್ಮೆ ಅವಳಿಗೆ ಮೈ ಸುಡುವ ಜ್ವರ. ಹಗಲೆಲ್ಲ ಮಲಗಿದ್ದವಳು ಸಂಜೆಗೆ ಕಂಬಳಿ ಹೊದ್ದು ವ್ಯಾನ್ ಹತ್ತಿದಳು. "ಎಲ್ಲಿಗಕ್ಕಾ ಈ ಸ್ಥಿತೀಲಿ?" ಎಂದರೆ, "ಲೈಟ್ ಹಾಕಿ ಬರ್ತೀನಿ ಕಣೋ," ಎಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ಅವತ್ತಿನಿಂದ ಅವಳು ದೀಪದಕ್ಕ.

ಇದನ್ನು ಯಜಮಾನರಿಗೆ ಹೇಳಿರಲಿಲ್ಲ. ಕರೆಂಟು ಅವರದು, ಬೆಳಕು ಇವಳದು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದಳು.

ಹಳೆಯ ಯಜಮಾನರು ವಯಸ್ಸಾಗಿ ಮನೆ ಮಾರಿದಾಗ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಕೆಲಸ ಹೋದರೆ ಬೇರೆ ಕೆಲಸ ಸಿಗುತ್ತದೆ, ಬೆಟ್ಟದ ತುಂಬ ಗಾಜಿದೆ, ಒರೆಸಿಕೊಂಡಿರಬಹುದು. ಆದರೆ ಆ ಕಿಟಕಿ ಕತ್ತಲಾದರೆ? ಹೊಸಬರು ಬಂದರು. ಗಂಡ ಹೆಂಡತಿ, ಇಬ್ಬರೂ ನಡುವಯಸ್ಸು ದಾಟಿದವರು, ಗಾಳಿ ಬೆಳಕು ಎಂದರೆ ಪ್ರಾಣ. ಬೆಳಗಾಗುವ ಮೊದಲೇ ಎದ್ದು ಬೆಟ್ಟ ಸುತ್ತುವುದು, ಬಂದು ತಣ್ಣೀರಿನಲ್ಲಿ ಈಜುವುದು, ಸಂಜೆ ಟೆರೇಸಿನ ಮೇಲೆ ಬೆಂಕಿ ಕಾಯಿಸಿಕೊಳ್ಳುತ್ತ ಕೂರುವುದು, ಕೋಳಿಗಳ ಹಾಗೆ ಬೇಗ ಮಲಗುವುದು. ಮನೆಯ ಸ್ವಿಚ್ಚುಗಳನ್ನೆಲ್ಲ ತೆಗೆಸಿ ದೀಪಗಳನ್ನು ಫೋನಿಗೆ ಕಟ್ಟಿಸಿಕೊಂಡರು. ಮೇಲಿನ ಕೋಣೆಯಲ್ಲಿ ವ್ಯಾಯಾಮದ ಚಾಪೆ ಹಾಸಿದರು. ಅಲ್ಲಿನ ಹಳೆಯ ಸ್ವಿಚ್ಚೊಂದನ್ನು ಮಾತ್ರ ಹೊಸ ಒಡತಿ ಉಳಿಸಿದಳು.

ಏಕೆಂದರೆ ಮೊದಲನೆಯ ವಾರವೇ ಆಕೆ ಅಕ್ಕನನ್ನು ಕೇಳಿದ್ದಳು, "ದಿನಾ ಸಂಜೆ ಮೇಲೆ ಹೋಗಿ ಲೈಟ್ ಹಾಕ್ತೀರಲ್ಲ, ಯಾಕೆ?"

"ಅಭ್ಯಾಸ ಮೇಡಂ. ಹಳೇ ಯಜಮಾನ್ರು ಹೇಳಿದ್ರು, ಮನೇಲಿ ಜನ ಇದ್ದಾರೆ ಅಂತ ಕಾಣ್ಲಿ ಅಂತ. ಬೇಡ ಅಂದ್ರೆ..."

"ಬೇಡ ಅಂತೀನಾ? ಎಷ್ಟು ಚೆಂದ ಇದೆ. ವಾಕಿಂಗ್ ಮುಗಿಸಿ ಬರೋವಾಗ ಮನೆ ನಮ್ಮನ್ನೇ ಕಾಯ್ತಾ ಇದೆ ಅನ್ಸುತ್ತೆ. ದಿನಾ ಹಾಕಿ ಅಕ್ಕಾ, ಬಿಡಬೇಡಿ."

ಅವತ್ತು ವ್ಯಾನಿನಲ್ಲಿ ಅಕ್ಕ ನನಗೂ ಹುಲ್ಲಿನವನಿಗೂ ಬಿಸ್ಕತ್ತು ಹಂಚಿದಳು. ಒಡತಿ ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವಳಾಗಿದ್ದರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು, ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು.

ಮನೆಯ ಕೆಲಸವೆಲ್ಲ ಮುಗಿದ ಮೇಲೆ ಗೆಳೆಯರಿಗೆ ತೋರಿಸಲು ಒಂದು ಪಾರ್ಟಿ ಇಟ್ಟುಕೊಂಡರು. ಸೂರ್ಯಾಸ್ತ ನೋಡಿಕೊಂಡು ಶುರು, ಟೆರೇಸಿನ ಮೇಲೆ ಊಟ. ಪಾರ್ಟಿ ಮಾಡಿಸಿಕೊಡುವ ಕಂಪನಿಯ ಮೇಲ್ವಿಚಾರಕ, ಕಿವಿಯಲ್ಲಿ ಒಂದು ಯಂತ್ರ ಸಿಕ್ಕಿಸಿಕೊಂಡ ಹುರಿಗಟ್ಟಿದ ಆಸಾಮಿ, ಬೆಳಿಗ್ಗೆಯಿಂದಲೇ ಹುಡುಗರನ್ನು ಏಣಿ ಹತ್ತಿಸಿ ಮನೆಗೆಲ್ಲ ತಂತಿ ಸುತ್ತಿಸಿದ್ದ. ಹಗಲು ಬೆಳಕಿನಲ್ಲಿ ಅದು ಬರೀ ತಂತಿ; ಬಟ್ಟೆ ಒಣಗಿಸಲು ಕಟ್ಟಿದ್ದಾರೆ ಎನ್ನಬೇಕು. ಅಕ್ಕನೂ ಹಾಗೇ ನೋಡಿ ಸುಮ್ಮನಾದಳು. ಅತಿಥಿಗಳ ಫೋಟೋ ಯಾರೂ ತೆಗೆಯಬಾರದೆಂದು ಕೆಲಸದವರ ಫೋನುಗಳನ್ನು ಒಂದು ಬುಟ್ಟಿಯಲ್ಲಿ ಹಾಕಿಸಿಕೊಂಡು ಬೀಗ ಹಾಕಿದರು. ಅಕ್ಕ ಕೊಟ್ಟಳು, ಗೇಟಿನ ಹೊರಗಿದ್ದ ನನ್ನದನ್ನೂ ಬಿಡಲಿಲ್ಲ. ಅವಳಿಗಿದ್ದ ಚಿಂತೆ ಒಂದೇ, ಕೆಲಸದ ಗಡಿಬಿಡಿಯಲ್ಲಿ ತನ್ನ ದೀಪ ಮರೆಯಬಾರದು. ಮರೆಯಲಿಲ್ಲ. ಸೂರ್ಯ ನೀರು ಮುಟ್ಟುವ ಮೊದಲೇ ಮೇಲೆ ಹೋಗಿ ಹಾಕಿ, ಸಮಾಧಾನದಿಂದ ಇಳಿದು, ತಟ್ಟೆ ಹಿಡಿದು ನಿಂತಳು. ಇಷ್ಟು ವರ್ಷ ಅವಳು ಹೆದರಿದ್ದು ಕತ್ತಲೆಗೆ. ಬೆಳಕಿಗೂ ಹೆದರಬೇಕೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಸೂರ್ಯ ಮುಳುಗಿದ. ಮೇಲ್ವಿಚಾರಕ ಕಿವಿಯ ಯಂತ್ರದಲ್ಲಿ ಏನೋ ಅಂದ. ಮನೆಗೆ ಮನೆಯೇ ಒಮ್ಮೆಲೇ ಹೊತ್ತಿಕೊಂಡಿತು. ಸೂರಿನ ಉದ್ದಕ್ಕೂ, ಕಂಬಗಳಿಗೂ, ಮರಗಳಿಗೂ, ಈಜುಕೊಳದ ಸುತ್ತಲೂ, ಕೆಳಗೆ ಇಳಿಯುವ ಮೆಟ್ಟಿಲಿನ ಎರಡೂ ಬದಿಗೂ ದೀಪದ ಸರ. ಅರ್ಧ ಸ್ಥಿರ, ಅರ್ಧ ಮಿಣಮಿಣ ಅನ್ನುವಂಥವು. ನಾನು ಗೇಟಿನ ಹೊರಗೆ ವ್ಯಾನಿನಲ್ಲಿ ಕೂತಿದ್ದೆ. ನನಗೇ ಕಣ್ಣು ಕೋರೈಸಿತು. ಒಳಗಿನಿಂದ ನೂರು ಜನ ಒಟ್ಟಿಗೆ ಉಸಿರೆಳೆದ ಸದ್ದು ಕೇಳಿಸಿತು. ನಿಜ ಹೇಳುತ್ತೇನೆ, ಚೆಂದವಾಗಿತ್ತು.

ಇಲ್ಲಿಂದ ಮುಂದೆ ಒಳಗೆ ನಡೆದದ್ದು ಅಕ್ಕ ನನಗೆ ಆಮೇಲೆ ಬಿಡಿಬಿಡಿಯಾಗಿ ಹೇಳಿದ್ದು. ಅಡುಗೆಮನೆಯ ಗಾಜಿನಲ್ಲಿ ಅವಳಿಗೆ ಸಮುದ್ರ ಕಾಣಲಿಲ್ಲ. ಒಳಗೆ ಅಷ್ಟು ಬೆಳಕಿದ್ದರೆ ಗಾಜು ಕನ್ನಡಿಯಾಗಿಬಿಡುತ್ತದೆ. ತಟ್ಟೆ ಹಿಡಿದ ತಾನೇ ಕಂಡಳಂತೆ. ಟೆರೇಸಿಗೆ ಹೋದಾಗ ಮೊದಲ ಸಲ ಆ ದೀಪಗಳನ್ನೆಲ್ಲ ಒಟ್ಟಿಗೆ ನೋಡಿದಳು. ಮೇಲೆ ಕತ್ತೆತ್ತಿ ತನ್ನ ಕಿಟಕಿ ಹುಡುಕಿದಳು. ಅದು ಹತ್ತಿಯೇ ಇತ್ತು. ಆದರೆ ಯಾವುದೆಂದು ಹುಡುಕಬೇಕಾಯಿತು, ಅದೂ ಮನೆಯ ಮೂಲೆ ಮೂಲೆ ಬಲ್ಲವಳಿಗೆ. 

ತಿರುಗಿ ನೀರಿನ ಕಡೆ ನೋಡಿದರೆ ಭಾವನ ದೋಣಿಯ ದೀಪ ಬಂಡೆಗಳ ಆಚೆಗೆ ಬಂದಾಗಿತ್ತು. ಒಂದು ಸಣ್ಣ ಹಳದಿ ಚುಕ್ಕೆ. ಬರುತ್ತ ಬರುತ್ತ ನಿಂತಿತು. ಎಡಕ್ಕೆ ಹೋಯಿತು, ನಿಂತಿತು. ಬಲಕ್ಕೆ ಬಂತು. ಗಾಳಿ ಬೇರೆ ಎದ್ದಿತ್ತು.

ಮೊದಲು ಮೇಲ್ವಿಚಾರಕನ ಹತ್ತಿರ ಹೋದಳು. "ಸ್ವಾಮಿ, ಈ ಸರದ ದೀಪಗಳನ್ನ ಸ್ವಲ್ಪ ಹೊತ್ತು ಆರಿಸ್ತೀರಾ? ಹತ್ತೇ ನಿಮಿಷ."

"ಯಾಕೆ? ಕರೆಂಟ್ ಹೋಯ್ತು ಅಂದ್ಕೋತಾರಮ್ಮ ಎಲ್ಲರೂ. ನನ್ನ ಹೆಸರು ಹಾಳಾಗುತ್ತೆ. ಹೋಗಿ, ಆ ಕಡೆ ನೀರಿಲ್ಲ ಅಂತಿದ್ದಾರೆ, ನೋಡಿ."

ಒಡತಿ ಅತಿಥಿಗಳ ನಡುವೆ ನಿಂತಿದ್ದಳು. ಅಕ್ಕ ಹೋಗಿ ಪಕ್ಕದಲ್ಲಿ ನಿಂತು, "ಮೇಡಂ, ಒಂದು ಮಾತು, ಆ ಲೈಟು..." ಎಂದಳು. ಲೈಟು ಎಂಬ ಮಾತು ಕೇಳಿದ್ದೇ ಒಡತಿಯ ಮುಖ ಅರಳಿತು. ಅಕ್ಕನ ಭುಜ ಹಿಡಿದು ಎಲ್ಲರ ಮುಂದೆ ತಂದಳು. "ಇವರೇ, ನಾನು ಹೇಳ್ತಿದ್ದೆನಲ್ಲ, ನಮ್ಮ ದೀಪದಕ್ಕ. ಯಾರಿರಲಿ ಇಲ್ಲದಿರಲಿ, ಇಷ್ಟು ವರ್ಷ ಒಂದು ದಿನವೂ ತಪ್ಪದೆ ಈ ಮನೆಗೆ ಬೆಳಕು ಹಾಕಿದ್ದಾರೆ. ಇವತ್ತಿನ ಈ ಬೆಳಕೆಲ್ಲ ಇವರ ಹೆಸರಲ್ಲಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಮುಖ ತಿರುಗಿಸಿ ನೀರಿನ ಕಡೆ ನೋಡಿದಳು, ನಾಚಿಕೆ ಎಂದುಕೊಂಡರು.

ಅಷ್ಟರಲ್ಲಿ ಯಾರೋ ಸಮುದ್ರದ ಕಡೆ ಕೈ ತೋರಿಸಿದರು. "ಅಲ್ಲಿ ನೋಡಿ, ಒಂದೇ ಒಂದು ದೀಪ. ಕುಣೀತಾ ಇದೆ."

"ಅದು ನಮ್ಮನೆಯವರ ದೋಣಿ ಮೇಡಂ," ಎಂದಳು ಅಕ್ಕ.

"ನಿಜವಾಗ್ಲೂ? ನಿಮ್ಮ ಯಜಮಾನ್ರಾ? ನಮ್ಮ ಮನೆ ನೋಡೋಕೆ ಬಂದಿದ್ದಾರೆ. ಎಲ್ಲರೂ ಕೈ ಬೀಸಿ, ಕೈ ಬೀಸಿ."

ಟೆರೇಸಿನ ಕಟಕಟೆಯ ಉದ್ದಕ್ಕೂ ನಿಂತು ಅವರೆಲ್ಲ ಕೈ ಬೀಸಿದರು. ಸಂಗೀತದವನು ಖುಷಿಯಾಗಿ ಸದ್ದು ಜಾಸ್ತಿ ಮಾಡಿದ. ಅತಿಥಿಗಳಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನೊಬ್ಬ ಕೈ ಬೀಸಲಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಹಾಕಿ ದೋಣಿ ಬಂದಾಗಿನಿಂದಲೇ ಕ್ಯಾಮೆರಾ ತೆರೆದಿಟ್ಟಿದ್ದವನು, ಯಾರೂ ಅಲ್ಲಾಡಬೇಡಿ ಎಂದು ಸನ್ನೆ ಮಾಡಿದ. "ಅವರಿಗೆ ದಾರಿ ಕಾಣ್ತಿಲ್ಲ ಮೇಡಂ," ಎಂದಳಂತೆ ಅಕ್ಕ. ಒಡತಿ ನಗುತ್ತಲೇ ಕಿವಿಗೆ ಕೈ ಹಚ್ಚಿ "ಏನಂದ್ರಿ?" ಎಂದಳು. ಮತ್ತೆ ಹೇಳುವಷ್ಟರಲ್ಲಿ ಇನ್ಯಾರೋ ಬಂದು ಆಕೆಯನ್ನು ಅಪ್ಪಿಕೊಂಡರು.

ನೀವು ಕೇಳುತ್ತೀರಿ, ಕೂಗಬೇಕಿತ್ತಲ್ಲ ಎಂದು. ನಾನೂ ಕೋಪದಲ್ಲಿ ಕೇಳಿದ್ದೆ. "ಕೂಗಿದೆ ಅಂತಾನೇ ಅಂದ್ಕೊಂಡಿದ್ದೆ ಕಣೋ," ಎಂದಳು. "ಬಾಯಿ ತೆರೆದಿದ್ದು ನೆನಪಿದೆ. ಆ ಮನೇಲಿ ನಾನು ಯಾವತ್ತೂ ದನಿ ಎತ್ತಿರಲಿಲ್ಲ. ಗಂಟಲಿಗೆ ಗೊತ್ತೇ ಆಗ್ಲಿಲ್ಲವೋ ಏನೋ."

ಅವಳು ಗೇಟಿಗೆ ಓಡಿಬಂದಳು. ತಟ್ಟೆ ಇನ್ನೂ ಕೈಯಲ್ಲೇ ಇತ್ತು. "ತಮ್ಮಾ, ದಡಕ್ಕೆ ಹೋಗು. ಕಂಬದ ಹಿಂದೆ ಮೇಲ್ಗಡೆ ರಸ್ತೇಲಿ ವ್ಯಾನ್ ನಿಲ್ಸಿ ದೀಪ ಹಾಕು. ನಿನ್ನ ಭಾವ ಬಂಡೆ ಆಚೆಗೇ ಸುತ್ತುತ್ತಿದ್ದಾರೆ."

ಅರ್ಥವಾಯಿತು. ಕೀಲಿ ತಿರುಗಿಸಿದೆ. ಆದರೆ ವ್ಯಾನ್ ಹೊರಡುವುದೆಲ್ಲಿಗೆ? ಹಿಂದೊಂದು ಕಾರು, ಮುಂದೊಂದು ಕಾರು, ರಸ್ತೆಯ ಎರಡೂ ಬದಿ ಮೂಗಿಗೆ ಮೂಗು ತಾಗಿಸಿ ನಿಲ್ಲಿಸಿದ ಅತಿಥಿಗಳ ಕಾರು. ಅಡಕತ್ತರಿಯಲ್ಲಿ ಸಿಕ್ಕ ಹಾಗೆ. ಹಾರ್ನು ಬಡಿದೆ. ಕಾವಲಿನವನು ಓಡಿಬಂದು, "ತಲೆ ಕೆಟ್ಟಿದೆಯಾ? ಒಳಗೆ ಪಾರ್ಟಿ ನಡೀತಿದೆ," ಎಂದ. ಕಾರುಗಳ ಕೀಲಿ ಎಲ್ಲಿ ಎಂದರೆ ಅತಿಥಿಗಳ ಜೇಬಿನಲ್ಲಿ. ವ್ಯಾನ್ ಅಲ್ಲೇ ಬಿಟ್ಟು, ಸೀಟಿನ ಕೆಳಗಿನ ಟಾರ್ಚು ಹಿಡಿದು ಇಳಿಜಾರಿನಲ್ಲಿ ಓಡಿದೆ. ಬೆಳಿಗ್ಗೆ ಬಣ್ಣದ ಬೂಟಿನವರು ಅಷ್ಟು ಹಗುರವಾಗಿ ಇಳಿಯುವ ರಸ್ತೆ ನನಗೆ ಮುಗಿಯಲೇ ಇಲ್ಲ.

ಒಂದು ತಿರುವಿನಲ್ಲಿ ಉಸಿರು ಸಿಕ್ಕಿಕೊಂಡು ನಿಂತೆ. ಅಲ್ಲಿಂದ ಎರಡೂ ಕಾಣುತ್ತಿತ್ತು, ಮೇಲೆ ಮನೆ, ಕೆಳಗೆ ನೀರು. ಮನೆ ಆಕಾಶದಷ್ಟು ಅಗಲಕ್ಕೆ ಹೊಳೆಯುತ್ತಿತ್ತು. ನೀರಿನಲ್ಲಿ ಭಾವನ ಚುಕ್ಕೆ ಒಂದು ಗಳಿಗೆ ನೆಟ್ಟಗೆ ದಡದ ಕಡೆ ಬಂತು. ಸರಿಯಾದ ದಾರಿಯಲ್ಲೇ ಬಂತು. ಬಂದರು, ಬಂದುಬಿಟ್ಟರು ಎಂದು ನಾನು ಒಬ್ಬನೇ ಜೋರಾಗಿ ಹೇಳಿಕೊಂಡೆ. ಆಮೇಲೆ ಏನಾಯಿತೋ, ಚುಕ್ಕೆ ಅತ್ತೆಯ ಕಡೆಗೆ ತಿರುಗಿತು. ಸ್ವಲ್ಪ ದೂರ ಹೋಯಿತು. ಆರಿತು. ಮೇಲಿನಿಂದ ಸಂಗೀತ ಕೇಳಿಸುತ್ತಲೇ ಇತ್ತು.

ಕೇರಿಯ ಇಬ್ಬರನ್ನು ಕರೆದುಕೊಂಡು, ಹಗ್ಗ ತೆಗೆದುಕೊಂಡು ಹೋದೆವು. ಅತ್ತೆಗೆ ಬಡಿದ ದೋಣಿ ಹೋಳಾಗಿತ್ತು. ಅಲೆ ಭಾವನನ್ನು ಎಳೆದುಕೊಂಡು ಹೋಗಿ ಸೊಸೆಯ ಮೇಲೆ ಎಸೆದಿತ್ತು. ಅದನ್ನು ತಬ್ಬಿಕೊಂಡು ಬಿದ್ದಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಹೇಗೆ ಇರಬಾರದೋ ಹಾಗೆ ಇತ್ತು. ಹಗ್ಗ ಕಟ್ಟಿ ಎಳೆಯುವಾಗ, "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಸುಳ್ಳು ಕಣೋ. ಇಬ್ಬರಿಗೂ ನಂದೊಂದೇ ಕಾಲು ಸಾಕಾಯ್ತು," ಎಂದರು. ನಗಲಿಕ್ಕೆ ಹೋಗಿ ಅತ್ತೆವು.

ಒಡತಿ ಮರುದಿನವೇ ಆಸ್ಪತ್ರೆಗೆ ಬಂದಳು. ಭಾವನ ಮಂಚದ ಪಕ್ಕ ಕೂತು ನಿಜವಾಗಿ ಕಣ್ಣೀರು ಹಾಕಿದಳು. "ಅಷ್ಟು ಖುಷಿಯಾಗಿ ನಮಗೆ ಕಾಣಿಸ್ಕೊಂಡು ಹೋದ್ರಿ. ಅದಾದ ಮೇಲೆ ಹೀಗಾಗೋದಾ. ಗಾಳಿ ಜಾಸ್ತಿ ಇತ್ತು ಅಂತೆ. ಸಮುದ್ರದ ಕೆಲಸವೇ ಅಪಾಯ," ಎಂದಳು. ಆಕೆಯ ಮನಸ್ಸಿನಲ್ಲಿ ಪಾರ್ಟಿ ಬೇರೆ, ಬಂಡೆ ಬೇರೆ. ಒಂದಕ್ಕೊಂದು ಸಂಬಂಧವಿದೆ ಎಂದು ಆಕೆಗೆ ಹೊಳೆಯುವುದಾದರೂ ಹೇಗೆ? ಆಸ್ಪತ್ರೆಯ ಬಿಲ್ಲು ಆಕೆಯೇ ಕಟ್ಟಿದಳು. ಭಾವ ಕೋಲು ಹಿಡಿದು ನಡೆಯುವಂತಾದ ಮೇಲೆ ಗಾಜಿನ ಮನೆಯ ಗೇಟಿನ ಪಕ್ಕದ ಕೋಣೆಯಲ್ಲಿ ಕುರ್ಚಿ ಹಾಕಿಸಿ ಕೆಲಸ ಕೊಟ್ಟಳು. ಕಾರು ಬಂದಾಗ ಒಂದು ಗುಂಡಿ ಒತ್ತುವುದು, ಹೋದಾಗ ಇನ್ನೊಂದು. ಈಗ ನನ್ನ ವ್ಯಾನಿನಲ್ಲಿ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಹುಲ್ಲಿನವನು ಭಾವನಿಗೆ ಬಾಗಿಲ ಬಳಿಯ ಸೀಟು ಬಿಟ್ಟುಕೊಟ್ಟಿದ್ದಾನೆ.

ಆಸ್ಪತ್ರೆಯ ದಿನಗಳಲ್ಲೇ ಒಂದು ಸಂಜೆ, ವ್ಯಾನಿನಲ್ಲಿ ನಾವಿಬ್ಬರೇ ಇದ್ದಾಗ, ಅಕ್ಕ ಉಳಿದದ್ದನ್ನು ಹೇಳಿದಳು. ನನ್ನನ್ನು ಕಳಿಸಿದ ಮೇಲೆ ಅವಳು ಸುಮ್ಮನೆ ನಿಲ್ಲಲಾರದೆ ಮೇಲಿನ ಕೋಣೆಗೆ ಓಡಿದಳಂತೆ. ಮನೆಯಲ್ಲಿ ಅವಳ ಕೈಗೆ ಸಿಗುವ ಸ್ವಿಚ್ಚು ಅದೊಂದೇ. "ಆರ್ಸೋದು ಹಾಕೋದು, ಆರ್ಸೋದು ಹಾಕೋದು ಮಾಡ್ದೆ ಕಣೋ. ಬೆರಳು ನೋಯೋವರೆಗೂ. ಇದು ನಾನೇ, ಇಲ್ಲಿದ್ದೀನಿ ಅಂತ ಗೊತ್ತಾಗ್ಲಿ ಅಂತ. ಕಾಣ್ಲೇ ಇಲ್ಲ ಅನ್ಸುತ್ತೆ ಅವರಿಗೆ." "ನನ್ನ ಕೈಲಾಗಿದ್ದು ಮಾಡ್ದೆ," ಎಂದಳು. "ಮಾಡ್ದೆ ಅಕ್ಕಾ, ಇನ್ನೇನು ಮಾಡೋಕಾಗ್ತಿತ್ತು," ಎಂದೆ ನಾನು. ಗಂಡನಿಗೆ ಈ ಮಾತು ಹೇಳಿರಲಿಲ್ಲ. ಮಲಗಿದವರ ಮುಂದೆ ಆ ಸಂಜೆಯ ಸುದ್ದಿ ಏಕೆ ಎಂದು ಬಿಟ್ಟಿದ್ದಳು.

ಹೋದ ತಿಂಗಳು ಗಾಜಿನ ಮನೆಗೆ ಒಂದು ದೊಡ್ಡ ಪೆಟ್ಟಿಗೆ ಬಂತು. ಭಾರವಿದೆ, ಮೇಲೆ ಹತ್ತಿಸಲು ಕೈ ಕೊಡಿ ಎಂದು ಒಡತಿ ನನ್ನನ್ನೂ ಕರೆದಳು. ಮೇಲಿನ ಕೋಣೆಯ ಗೋಡೆಗೆ ಅದನ್ನು ನೇತುಹಾಕಿದೆವು. ಆಳೆತ್ತರದ ಫೋಟೋ, ಗಾಜಿನ ಕಟ್ಟು. ಪೂರ್ತಿ ಕಪ್ಪು, ಅದರ ನಡುವೆ ಬಂಗಾರದ ದಾರದ ಸಿಕ್ಕಿನ ಹಾಗೆ ಒಂದು ಗೆರೆ. ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟರೆ ಓಡಾಡುವ ದೀಪ ಹೀಗೆ ಗೆರೆಯಾಗಿ ಮೂಡುತ್ತದಂತೆ. ಒಡತಿ ಭಾವನನ್ನು ಮನೆಯೊಳಗಿನ ಲಿಫ್ಟಿನಲ್ಲಿ ತಾನೇ ಕರೆತಂದಳು.

"ಪಾರ್ಟಿ ದಿನ ನಮ್ಮ ಫೋಟೋಗ್ರಾಫರ್ ತೆಗೆದಿದ್ದು. ನೀವೇ ಇದು. ನಿಮ್ಮ ದೋಣಿ. ನಿಮ್ಮ ನೆನಪಿಗೆ ಅಂತ ಇಲ್ಲೇ, ಅಕ್ಕನ ದೀಪದ ಎದುರಿಗೇ ಹಾಕಿಸಿದ್ದೀನಿ. ಇದಕ್ಕೆ 'ಬೆಳಕಿನ ನಡಿಗೆ' ಅಂತ ಹೆಸರಿಟ್ಟಿದ್ದಾನೆ."

"ಚೆನ್ನಾಗಿದೆ ಮೇಡಂ," ಎಂದರು ಭಾವ.

ಒಡತಿಯ ಫೋನು ಬಡಿಯಿತು, ಆಕೆ ಕೆಳಗೆ ಹೋದಳು. ನಾವು ಮೂವರೇ ಉಳಿದೆವು. ನನಗೆ ಆ ಚೌಕಟ್ಟನ್ನು ಕಿತ್ತು ಕಿಟಕಿಯಿಂದ ಎಸೆಯಬೇಕು ಅನ್ನಿಸುತ್ತಿತ್ತು. ಹಾಗೆ ಅಂದೂಬಿಟ್ಟೆ. "ನಾನೇ ಹೇಳ್ತೀನಿ ಮೇಡಂಗೆ, ಇದು ಏನು ಅಂತ."

"ಹೇಳಿದ್ರೆ ಏನಾಗುತ್ತೆ?" ಎಂದರು ಭಾವ. "ಪಾಪ, ಅಳ್ತಾರೆ. ಫೋಟೋ ತೆಗೆಸ್ತಾರೆ. ನಮ್ಮನ್ನ ನೋಡಿದಾಗೆಲ್ಲ ಕಸಿವಿಸಿ ಅಂತ ಆಮೇಲೆ ನಮ್ಮನ್ನೂ ತೆಗೀತಾರೆ. ದೋಣಿ ಬರುತ್ತಾ?" ಅವರು ಕೋಲು ಊರಿಕೊಂಡು ಫೋಟೋದ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ಗೆರೆಯ ಜೊತೆ ನಡೆಸತೊಡಗಿದರು, ಹೆಂಡತಿಗೆ ದಾರಿ ಹೇಳುವ ಹಾಗೆ.

"ಇಲ್ಲಿಂದ ಬಂದೆ ನೋಡು. ಇಲ್ಲಿ ಬೆಟ್ಟ ನೋಡಿ ದಂಗಾಗಿ ಇಂಜಿನ್ ನಿಲ್ಸಿದ್ದು. ಬೆಂಕಿ ಬಿದ್ದಿದೆ ಅಂದ್ಕೊಂಡೆ ಮೊದಲು. ನೀನು ಒಳಗಿದ್ದೀಯಲ್ಲ ಅಂತ ಜೀವ ಹೋಯ್ತು. ಇಲ್ಲಿ ಎಡಕ್ಕೆ ಹೋಗಿ ನೋಡ್ದೆ, ಸಿಗ್ಲಿಲ್ಲ. ಇದು ಬಲಕ್ಕೆ. ಇಲ್ಲಿ ಸಿಕ್ಕಾಗಿದೆಯಲ್ಲ, ಇಲ್ಲಿ ಗಾಳಿ ಸುತ್ತಿಸ್ತು. ಡೀಸೆಲ್ ತಳ ಕಂಡಿತ್ತು, ಹೊರಗೇ ಕಾಯೋ ಹಾಗಿರ್ಲಿಲ್ಲ."

ಬೆರಳು ಗೆರೆ ನೆಟ್ಟಗಾದ ಜಾಗಕ್ಕೆ ಬಂದು ನಿಂತಿತು.

"ನನ್ನ ದೀಪ ಕಾಣ್ಲೇ ಇಲ್ವಾ ರೀ?" ಎಂದಳು ಅಕ್ಕ.

"ಅದೇ ಹೇಳ್ತಿದ್ದೀನಿ. ಇಲ್ಲಿ ಒಂದು ದೀಪ ಕಾಣ್ತು. ಸರಿಯಾಗಿ ಅದೇ ಎತ್ತರ, ಕಂಬದ ನೆತ್ತಿ ಮೇಲೇ. ಇದೇ ನಿಂದು ಅಂತ ಹಿಡ್ಕೊಂಡು ಹೊರಟೆ, ನೋಡು ಎಷ್ಟು ನೆಟ್ಟಗೆ ಬಂದಿದ್ದೀನಿ. ಇನ್ನೊಂದು ಸ್ವಲ್ಪ. ಅಷ್ಟರಲ್ಲಿ ಆ ದೀಪ ಆರೋದು ಹತ್ತೋದು, ಆರೋದು ಹತ್ತೋದು ಶುರು ಮಾಡ್ತು. ನಿನ್ನ ದೀಪ ಯಾವತ್ತಾದ್ರೂ ಮಿಣುಕಿದೆಯಾ? ಇದು ಅಲಂಕಾರದ್ದು, ಮೋಸ ಹೋಗ್ತೀನಿ ಅಂತ ಬಿಟ್ಟು, ಈ ಕಡೆ ಅಲ್ಲಾಡದೆ ಇದ್ದ ಇನ್ನೊಂದನ್ನ ಹಿಡಿದೆ." ಬೆರಳು ಪಕ್ಕಕ್ಕೆ ಸರಿದು, ಗೆರೆ ಮುಗಿಯುವಲ್ಲಿ ನಿಂತಿತು. "ಇಲ್ಲಿಗಾಯ್ತು."

ನಾನು ಅಕ್ಕನ ಕಡೆ ನೋಡಲಿಲ್ಲ. ಗೋಡೆ ನೋಡಿದೆ, ಚಾಪೆ ನೋಡಿದೆ.   ಭಾವ ಮಾತ್ರ ಏನೋ ಭಾರ ಇಳಿಸಿದವರ ಹಾಗೆ ಸಮಾಧಾನವಾಗಿ ನಿಂತಿದ್ದರು. ಕೆಳಗಿನಿಂದ ಒಡತಿಯ ದನಿ ಬಂತು. "ಅಕ್ಕಾ, ಫ್ರೆಂಡ್ಸ್ ಬಂದಿದ್ದಾರೆ, ಫೋಟೋ ನೋಡೋಕೆ ಮೇಲೆ ಕರ್ಕೊಂಡು ಬರ್ತಿದ್ದೀನಿ."

ಗಾಜಿನ ಮೇಲೆ ಭಾವನ ಬೆರಳು ನಡೆದ ಗುರುತು ಉದ್ದಕ್ಕೂ ಉಳಿದಿತ್ತು. ಅಕ್ಕ ಜೇಬಿನಿಂದ ಒರೆಸುವ ಬಟ್ಟೆ ತೆಗೆದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಒರೆಸಿದಳು.

"ಕತ್ತಲಾಗ್ತಾ ಬಂತಲ್ಲೇ," ಎಂದರು ಭಾವ, "ಲೈಟ್ ಹಾಕು."

ಅವಳು ಹೋಗಿ ಸ್ವಿಚ್ಚನ್ನು ಒಂದೇ ಸಲ ಒತ್ತಿದಳು. ಒತ್ತಿದ ಮೇಲೂ ಬಹಳ ಹೊತ್ತು ಅಲ್ಲಿಂದ ಕೈ ತೆಗೆಯಲಿಲ್ಲ.